ಹನ್ನೊಂದು ಎಣಿಕೆಯ ಮೌನ

ತಪ್ಪು ಹುಡುಕುವ ಕೆಲಸ ಕೊಟ್ಟರೆ ಬೇಡ ಅನ್ನುವವರು ಕಡಿಮೆ. ಅದರಲ್ಲೂ ಒಡಹುಟ್ಟಿದವರ ತಪ್ಪು ಅಂದರೆ ಕೇಳಬೇಕೆ? ಅಕ್ಕ ಹಳೆಯ ಕ್ಯಾಸೆಟ್ಟೊಂದನ್ನು ಊಟದ ಮೇಜಿನ ಮೇಲಿಟ್ಟು, "ಇದರಲ್ಲಿ ಒಂದು ಕಡೆ ನಾನು ತಪ್ಪು ನುಡಿಸಿದೀನಿ. ಅದನ್ನ ಹುಡುಕಿ ತೆಗೆದುಬಿಡೋ" ಅಂದಾಗ ತಮ್ಮನಿಗೆ ಒಳಗೊಳಗೇ ಖುಷಿಯಾಯಿತು. ಐವತ್ತರ ಹತ್ತಿರ ಬಂದು ತಲೆ ಅರ್ಧ ಬೋಳಾಗಿದ್ದರೂ ಅಕ್ಕನ ತಪ್ಪು ಅಂದರೆ ಅವನಿಗೆ ಈಗಲೂ ಬಾಯಲ್ಲಿ ನೀರೂರುತ್ತದೆ, ಏನು ಮಾಡುವುದು.

"ಎಲ್ಲಿ ತಪ್ಪಿದೀಯ ಅಂತ ಹೇಳಿಬಿಡು, ಐದು ನಿಮಿಷದ ಕೆಲಸ."

"ಕೇಳಿದ್ರೆ ನಿನಗೇ ಗೊತ್ತಾಗುತ್ತೆ." ಅಕ್ಕ ಮುಖ ತಿರುಗಿಸಿದಳು. "ನಾನಂತೂ ಕೇಳಲ್ಲಪ್ಪ. ಮೂವತ್ತು ವರ್ಷದಿಂದ ಕೇಳಿಲ್ಲ."

ಕ್ಯಾಸೆಟ್ಟಿನ ಕತೆ ಇಷ್ಟು. ಅಕ್ಕನಿಗೆ ಇಪ್ಪತ್ತೈದು ತುಂಬಿದ್ದಾಗ ನಾಲ್ಕು ಜನ ಸೇರಿ ಒಂದು ತಂಡ ಕಟ್ಟಿದ್ದರು. ಗಿಟಾರ್ ನುಡಿಸುತ್ತಿದ್ದವನು ಬಾಗಿಲಿಗೆ ತಲೆ ತಗಲುವಷ್ಟು ಎತ್ತರ, ಅವನನ್ನು ಎಲ್ಲರೂ ಲಂಬೂ ಅನ್ನುತ್ತಿದ್ದರು, ಯಜಮಾನಿಕೆ ಅವನದೇ. ಕೀಬೋರ್ಡ್ ಅಕ್ಕನದು. ಅವರು ನುಡಿಸುತ್ತಿದ್ದದ್ದು ಪ್ರೊಗ್ರೆಸಿವ್ ರಾಕ್ ಅಂತೆ. ಮೂರು ನಿಮಿಷಕ್ಕೆ ಮುಗಿಯಬಹುದಾದ್ದನ್ನು ಇಪ್ಪತ್ತಮೂರು ನಿಮಿಷ ಎಳೆಯುವುದು, ಕೇಳುವವನು ಕಾಲು ತಟ್ಟೋಣ ಅಂದರೆ ತಾಳ ಅವನ ಕಾಲಿಗೆ ಸಿಗದ ಹಾಗೆ ಓಡಿಸುವುದು: ತಮ್ಮನಿಗೆ ತಿಳಿದ ಮಟ್ಟಿಗೆ ಅದರ ಲಕ್ಷಣ ಇಷ್ಟೇ. 'ಪಾತ್ರೆ ಬೀಳೋ ಸಂಗೀತ' ಅಂತ ಅದಕ್ಕೆ ಹೆಸರಿಟ್ಟವನೂ ಅವನೇ. ಮನೆಯವರೆಲ್ಲ ನಗುತ್ತಿದ್ದರು, ಅಕ್ಕನೂ ನಗುತ್ತಿದ್ದಳು. ತಂಡದ್ದು ಒಂದೇ ಒಂದು ಕಛೇರಿ ಆಯಿತು. ಅದರಲ್ಲಿ ಅಕ್ಕ ಏನೋ ತಪ್ಪಿದಳಂತೆ, ಲಂಬೂ ಎಲ್ಲರೆದುರು ಏನೋ ಅಂದನಂತೆ, ತಿಂಗಳೊಳಗೆ ತಂಡ ಮುರಿಯಿತು. ಅಕ್ಕ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು, ಮತ್ತೆ ಕೀಬೋರ್ಡ್ ಮುಟ್ಟಲಿಲ್ಲ. ಯಾಕೆ ಅಂತ ಮನೆಯಲ್ಲಿ ಯಾರೂ ಕೇಳಲಿಲ್ಲ. ಸದ್ಯ, ಸದ್ದು ನಿಂತಿತಲ್ಲ ಅಂತ ನೆಮ್ಮದಿಯ ಉಸಿರು ಬಿಟ್ಟರು.

ಈಗ ಮೂವತ್ತು ವರ್ಷದ ಮೇಲೆ ಲಂಬೂ ಫೋನ್ ಮಾಡಿದ್ದ. ಮರೆತುಹೋದ ತಂಡಗಳನ್ನು ಹುಡುಕಿ ರೆಕಾರ್ಡ್ ಹೊರಡಿಸುವ ಒಂದು ಸಣ್ಣ ಕಂಪನಿಗೆ ಆ ಕಛೇರಿಯ ಧ್ವನಿಮುದ್ರಣ ಬೇಕಂತೆ. ಅದು ಉಳಿದಿದ್ದದ್ದು ಅಕ್ಕನ ಕಪಾಟಿನ ತಳದಲ್ಲಿ ಮಾತ್ರ.

ಅಕ್ಕ ತಮ್ಮನ ಹತ್ತಿರ ಬಂದದ್ದಕ್ಕೂ ಕಾರಣವಿತ್ತು. ಅವನ ಕೆಲಸವೇ ಕೇಳುವುದು. ಕಾರ್ಖಾನೆಯ ಜಗಳಗಳನ್ನು ತೀರ್ಮಾನಿಸುವ ಮಂಡಳಿಯೊಂದರಲ್ಲಿ, ಮಾಲೀಕರೂ ಕೆಲಸಗಾರರೂ ಎದುರುಬದುರು ಕೂತು ಆಡಿದ ಮಾತಿನ ರೆಕಾರ್ಡಿಂಗನ್ನು ಹೆಡ್‌ಫೋನಿನಲ್ಲಿ ಕೇಳಿ, ಯಾರು ಏನಂದರು ಅಂತ ಟೈಪ್ ಮಾಡುತ್ತಾನೆ. ಕಾಲಡಿ ಒಂದು ಪೆಡಲ್ ಇದೆ. ಒತ್ತಿದರೆ ದನಿ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ, ಹಿಮ್ಮಡಿಯಿಂದ ಒತ್ತಿದರೆ ಹಿಂದಕ್ಕೆ ಹೋಗುತ್ತದೆ. ಹತ್ತು ಜನ ಒಟ್ಟಿಗೆ ಕಿರುಚಿದರೂ ಯಾವ ಕಿರುಚಾಟ ಯಾರದು ಅಂತ ಬಿಡಿಸಿ ಹೇಳಬಲ್ಲೆ ಅಂತ ಅವನಿಗೆ ಸ್ವಲ್ಪ ಜಂಬವೂ ಇತ್ತು.

ಊಟದ ಬಿಡುವಿನಲ್ಲಿ ಕಚೇರಿಯ ಕಂಪ್ಯೂಟರಿಗೆ ಕ್ಯಾಸೆಟ್ ಇಳಿಸಿಕೊಂಡು ಕೇಳಲು ಕೂತ. ಎರಡು ನಿಮಿಷ ಆಗುವುದರೊಳಗೆ ತಲೆ ಹಿಡಿದುಕೊಂಡ. ಗಿಟಾರ್ ಒಂದು ದಾರಿ, ಡ್ರಮ್ ಇನ್ನೊಂದು ದಾರಿ, ಕೀಬೋರ್ಡಂತೂ ಇಬ್ಬರಿಗೂ ಪರಿಚಯವೇ ಇಲ್ಲದವಳಂತೆ ತನ್ನ ಪಾಡಿಗೆ ತಾನು ಹೋಗುತ್ತಿತ್ತು. ಹನ್ನೆರಡನೆಯ ನಿಮಿಷದ ಸುಮಾರಿಗೆ ಎಲ್ಲ ಒಮ್ಮೆಲೇ ನಿಂತಿತು. ಸಭೆಯಿಂದ ಯಾರೋ ಒಬ್ಬ ಹುಡುಗ ಚಪ್ಪಾಳೆ ತಟ್ಟಿ, "ಅಬ್ಬಾ, ಮುಗೀತು! ನಡೀರೋ ಹೋಗೋಣ!" ಅಂತ ಕೂಗಿದ. ಜನರೆಲ್ಲ ಗೊಳ್ಳೆಂದು ನಕ್ಕರು. ತಮ್ಮನೂ ನಕ್ಕ. ಯಾರೋ ಪುಣ್ಯಾತ್ಮ ನನ್ನ ಮನಸ್ಸಿನ ಮಾತು ಆಡಿದನಪ್ಪ ಅಂದುಕೊಂಡ. ಆದರೆ ಅದು ಮುಗಿದಿರಲಿಲ್ಲ, ಇನ್ನೂ ಹನ್ನೊಂದು ನಿಮಿಷ ಇತ್ತು.

ಒಂದು ವಾರ ಬಿಡುವಿನಲ್ಲೆಲ್ಲ ಕೇಳಿ, ನಿಮಿಷ ಸೆಕೆಂಡು ಸಮೇತ ನಲವತ್ತೆರಡು ತಪ್ಪುಗಳ ಪಟ್ಟಿ ಟೈಪ್ ಮಾಡಿ ಅಕ್ಕನ ಕೈಗಿಟ್ಟ. ಅಕ್ಕ ಕನ್ನಡಕ ಏರಿಸಿಕೊಂಡು ಒಂದೊಂದನ್ನೂ ಓದಿದಳು.

"ಇದ್ಯಾವುದೂ ತಪ್ಪಲ್ಲ ಕಣೋ."

"ನಲವತ್ತೆರಡರಲ್ಲಿ ಒಂದೂ ಅಲ್ವಾ?"

"ಇವೆಲ್ಲ ಹೀಗೇ ಇರಬೇಕಾದ್ದು." ಅವಳು ನಗಲಿಲ್ಲ, ಅದೇ ಅವನಿಗೆ ಹೆಚ್ಚು ಚುಚ್ಚಿತು. ಒಳಗೆ ಹೋಗಿ, ಮಡಿಕೆಯಲ್ಲಿ ಹರಿದ ಒಂದು ಹಾಳೆ ತಂದು ಕೊಟ್ಟಳು. ಅದರ ತುಂಬ ಪೆನ್ಸಿಲಿನ ಅಂಕಿಗಳು: ಏಳು, ಏಳು, ಏಳು, ಐದು. "ಎಣಿಸಿಕೊಂಡು ಕೇಳು. ಸರಿ ಯಾವುದು ಅಂತ ಗೊತ್ತಿಲ್ಲದೆ ತಪ್ಪು ಹೇಗೆ ಹುಡುಕ್ತೀಯ?"

ಹೀಗೆ, ಅಕ್ಕನ ತಪ್ಪು ಹಿಡಿಯುವ ಹಟಕ್ಕೆ ಬಿದ್ದು, ಅವನು ಎಣಿಸಲು ಕಲಿತ. ಮೊದಲು ಬೆರಳಲ್ಲಿ ಎಣಿಸಿದ, ಆಮೇಲೆ ಪೆಡಲ್ ಒತ್ತದ ಕಾಲಿನಲ್ಲಿ. ಏಳು ಅಂದರೆ ಮೂರು ಮತ್ತು ನಾಲ್ಕು ಅಂತ ಒಂದು ದಿನ ಹೊಳೆಯಿತು. ಡ್ರಮ್ಮಿನ ಏಳೂ ಗಿಟಾರಿನ ಐದೂ ಬೇರೆ ಬೇರೆ ಹೊರಟು, ಮೂವತ್ತೈದು ಎಣಿಕೆ ಸುತ್ತಾಡಿ, ಒಂದೇ ಜಾಗದಲ್ಲಿ ಸೇರುತ್ತವೆ ಅಂತ ಇನ್ನೊಂದು ದಿನ ತಿಳಿಯಿತು. ಆ ಸೇರುವ ಜಾಗ ಬಂದಾಗ ಅವನ ಮೈ ಜುಮ್ಮೆಂದಿತು. ಹಿಮ್ಮಡಿ ಒತ್ತಿ ಮತ್ತೆ ಕೇಳಿದ, ಮತ್ತೆ ಜುಮ್ಮೆಂದಿತು. ಕಚೇರಿಯ ಮೆಟ್ಟಿಲನ್ನು ಏಳೇಳಾಗಿ ಎಣಿಸಿಕೊಂಡು ಇಳಿಯುತ್ತಾ ಕೊನೆಯ ಮೆಟ್ಟಿಲು ತಪ್ಪಿ ಪಾದ ಉಳುಕಿಸಿಕೊಂಡದ್ದೂ ಆಯಿತು. ಬಸ್ಸಿನಲ್ಲಿ ಹಾಕುವ ಹಾಡುಗಳೆಲ್ಲ ಸಪ್ಪೆಯೆನಿಸತೊಡಗಿದವು. ಆದರೂ ಹೆಡ್ ಕ್ಲರ್ಕ್ ಬಂದರೆ, ಕದ್ದು ಸಿಹಿ ತಿನ್ನುವವನಂತೆ ಸದ್ದು ನಿಲ್ಲಿಸಿ ಯಾರದೋ ಸಾಕ್ಷಿಯ ಮಾತು ಟೈಪ್ ಮಾಡುತ್ತಿರುವ ಹಾಗೆ ನಟಿಸುತ್ತಿದ್ದ. ಮೂವತ್ತು ವರ್ಷ ಆಡಿಕೊಂಡದ್ದನ್ನೇ ಈಗ ಆಸೆಪಟ್ಟು ಕೇಳುತ್ತಿದ್ದೇನೆ ಅನ್ನುವ ನಾಚಿಕೆ ಅವನಿಗೆ ಇದ್ದೇ ಇತ್ತು.

ಎಲ್ಲಕ್ಕಿಂತ ಅವನಿಗೆ ಹಿಡಿಸಿದ್ದು ಆ ನಡುವಿನ ಮೌನದ ನಂತರ ಬರುವ ಭಾಗ. ಅಷ್ಟು ಹೊತ್ತಿನ ಗದ್ದಲವೆಲ್ಲ ತಣ್ಣಗಾಗಿ, ಕೀಬೋರ್ಡಿನಲ್ಲಿ ಒಂದು ನಿಧಾನದ ರಾಗ ಏಳುತ್ತದೆ. ಒಂದೂವರೆ ನಿಮಿಷ, ಅಷ್ಟೇ. ಅದರ ಆರಂಭ ಮಾತ್ರ ಯಾಕೋ ಕುಂಟುತ್ತಿತ್ತು. ಮೊದಲೆಲ್ಲ ಅವನಿಗೆ ಅದು ಕೇಳಿಸುತ್ತಲೇ ಇರಲಿಲ್ಲ. ಈಗ ಕಿವಿ ತಯಾರಾಗಿತ್ತು ನೋಡಿ, ಹಲ್ಲಿಗೆ ಕಲ್ಲು ಸಿಕ್ಕ ಹಾಗೆ ಸಿಕ್ಕಿತು. ಹಾಳೆ ತೆಗೆದು ನೋಡಿದ. ಮೌನ, ಹನ್ನೊಂದು ಎಣಿಕೆ ಅಂತ ಬರೆದಿತ್ತು. ಎಣಿಸಿದ. ಐದಕ್ಕೆ ಚಪ್ಪಾಳೆ. ಆರಕ್ಕೆ ಕೂಗು. ಏಳು, ಎಂಟು ನಗು. ಒಂಬತ್ತಕ್ಕೆ ಕೀಬೋರ್ಡ್ ಒಂದೇ ಎದ್ದು ಬಂದಿತ್ತು. ಉಳಿದವರು ಗೊತ್ತುಮಾಡಿಕೊಂಡಂತೆ ಹನ್ನೊಂದಕ್ಕೇ ಬಂದರು, ಅವಳ ಜೊತೆ ಸೇರಲು ಪರದಾಡಿದರು.

ಸಿಕ್ಕಿತು! ಹಿಗ್ಗಿನಿಂದ ತೊಡೆ ತಟ್ಟಿಕೊಂಡ. ಸರಿಯಾದ ಜಾಗ ಗುರುತು ಹಾಕೋಣ ಅಂತ ವೇಗ ತಗ್ಗಿಸಿ, ಆ ಕೂಗಿನಿಂದ ಮತ್ತೆ ಕೇಳಿದ. ಕೂಗಿನ ಬಾಲಕ್ಕೆ ಕೂಗಿದವನದೇ ಒಂದು ನಗುವಿತ್ತು. ಉಸಿರು ಒಳಕ್ಕೆಳೆದುಕೊಂಡು ಬಿಕ್ಕಳಿಸಿದ ಹಾಗೆ ನಗುವ ನಗು. ತಮ್ಮನದೇ ನಗು, ಅವನ ಹೆಂಡತಿ ದಿನಾ ಅಣಕಿಸುವ ನಗು.

ಪೆಡಲಿನಿಂದ ಕಾಲು ತೆಗೆದ. ಎಲ್ಲ ನೆನಪಾಯಿತು. ಹತ್ತೊಂಬತ್ತು ವರ್ಷ ಅವನಿಗೆ ಆಗ. ಅಕ್ಕನೇ ಪಾಸ್ ತಂದುಕೊಟ್ಟು, "ಬಾರೋ, ನೀನು ಬರಲೇಬೇಕು" ಅಂದಿದ್ದಳು. ಮೂವರು ಗೆಳೆಯರನ್ನು ಕಟ್ಟಿಕೊಂಡು ಹೋಗಿ ಮೂರನೆಯ ಸಾಲಿನಲ್ಲಿ ಕೂತಿದ್ದ. ಗೆಳೆಯರು ಆಕಳಿಸತೊಡಗಿದಾಗ ಅವನಿಗೆ ಅವಮಾನವಾಗಿ, ಇವಳು ನನಗೆ ಸೇರಿದವಳಲ್ಲ ಅಂತ ತೋರಿಸಿಕೊಳ್ಳುವುದಕ್ಕೇ ಕೂಗಿದ್ದ. ಸಭೆ ನಕ್ಕಾಗ ಎಷ್ಟು ಹೆಮ್ಮೆಯಾಗಿತ್ತು! ಕೂಗಿದವನೇ ಗೆಳೆಯರನ್ನು ಎಬ್ಬಿಸಿಕೊಂಡು ನೇರ ಕ್ಯಾಂಟೀನಿಗೆ ಹೋಗಿದ್ದ. ಅಲ್ಲಿ ಬೆನ್ನು ತಟ್ಟಿಸಿಕೊಂಡು, ಕೈ ತೊಳೆದುಕೊಂಡು, ಅಷ್ಟೇ ಸಲೀಸಾಗಿ ಮರೆತಿದ್ದ. ಊರವರ ದನಿಯೆಲ್ಲ ಗುರುತು ಹಿಡಿಯುವವನಿಗೆ ತನ್ನ ದನಿ ಗುರುತು ಸಿಕ್ಕಿರಲಿಲ್ಲ.

ಆಮೇಲೆ ಅವನು ಮಾಡಿದ್ದನ್ನು ಹೇಳಲು ನನಗೇ ಮುಜುಗರ. ಅಕ್ಕನ ತಪ್ಪು ತೆಗೆಯಲು ಸಾಧ್ಯವಿರಲಿಲ್ಲ. ನಾಲ್ವರ ವಾದ್ಯವೂ ಒಂದೇ ಟೇಪಿನಲ್ಲಿ ಬೆರೆತಿದ್ದರಿಂದ, ಅವಳನ್ನು ಹನ್ನೊಂದಕ್ಕೆ ಸರಿಸಿದರೆ ಉಳಿದ ಮೂವರೂ ಹದಿಮೂರಕ್ಕೆ ಸರಿಯುತ್ತಾರೆ. ಆದರೆ ಆ ಕೂಗನ್ನು ತೆಗೆಯಬಹುದಿತ್ತು. ಬಾಗಿಲು ಹಾಕಿಕೊಂಡು, ಕಛೇರಿ ಶುರುವಾಗುವ ಮುಂಚಿನ ನಿಶ್ಶಬ್ದದ ಒಂದು ತುಣುಕನ್ನು ಕತ್ತರಿಸಿ, ಚಪ್ಪಾಳೆ, ಕೂಗು, ನಗು ಎಲ್ಲದರ ಮೇಲೆ ಅಂಟಿಸಿದ. ಹತ್ತು ನಿಮಿಷ ಹಿಡಿಯಲಿಲ್ಲ. ಈ ಕೆಲಸ ಅವನು ಎಷ್ಟು ಚೆನ್ನಾಗಿ ಮಾಡಿದನೆಂದರೆ ಅಲ್ಲಿ ಏನೋ ಇತ್ತು ಅಂತ ದೇವರಿಗೂ ತಿಳಿಯುತ್ತಿರಲಿಲ್ಲ.

ಮತ್ತೆ ಕೇಳಿದ. ಈಗ ಮೌನ ಶುದ್ಧವಾಗಿತ್ತು. ಒಂದು, ಎರಡು, ಮೂರು... ಎಂಟು, ಒಂಬತ್ತು. ಯಾರೂ ಕರೆಯದೆ, ಯಾರೂ ಹೆದರಿಸದೆ, ಕೀಬೋರ್ಡ್ ತಾನೇ ತಾನಾಗಿ ಎಡವಿ ಬಿತ್ತು. ರೆಕಾರ್ಡ್ ಕೊಂಡು ಕೇಳಿದವರೆಲ್ಲ ಏನನ್ನುತ್ತಾರೆ? ಈ ಹೆಂಗಸಿಗೆ ಹನ್ನೊಂದು ಎಣಿಸಲು ಬರುತ್ತಿರಲಿಲ್ಲ ಅನ್ನುತ್ತಾರೆ. ಅವಳ ಹೆಸರಿನ ಜೊತೆ ಅದೊಂದೇ ಉಳಿಯುತ್ತದೆ. ಮೊದಲ ಸಲ ತಿಳಿಯದೆ ಕೆಡಿಸಿದ್ದ, ಈಗ ತಿಳಿದೂ ತಿಳಿದೂ ಕೆಡಿಸಿದ್ದ. ಹೆಡ್‌ಫೋನ್ ತೆಗೆದಿಟ್ಟ. ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಅಂಟಿಸಿದ್ದನ್ನೆಲ್ಲ ಕಿತ್ತು ಮೊದಲಿನಂತೆ ಮಾಡಿ, ಅರ್ಧ ದಿನ ರಜೆ ಬರೆದುಕೊಟ್ಟು ಅಕ್ಕನ ಅಂಗಡಿಗೆ ಹೊರಟ.

ಅಕ್ಕ ಅಂಗಡಿಯ ಹಿಂಬದಿಯ ಮೇಜಿನಲ್ಲಿ, ಹುರುಳಿ ಕಾಳಿಗಿಂತ ಚಿಕ್ಕ ತಿರುಪೊಂದನ್ನು ಕನ್ನಡಕದ ಕಡ್ಡಿಗೆ ಕೂರಿಸುತ್ತಿದ್ದಳು. ತಲೆಯೆತ್ತದೆ, "ಸಿಕ್ತೇನೋ?" ಅಂದಳು.

"ಸಿಕ್ತು. ಹನ್ನೊಂದಕ್ಕೆ ಬರಬೇಕಾದೋಳು ಒಂಬತ್ತಕ್ಕೆ ಬಂದೆ."

"ಹೂಂ."

"ತೆಗೆಯೋಕಾಗಲ್ಲ ಅಕ್ಕ. ಆದರೆ ತಪ್ಪು ನಿನ್ನದಲ್ಲ. ಅಲ್ಲಿ ಒಬ್ಬ ಕೂಗ್ತಾನಲ್ಲ..." ಬರುವ ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದ ಮಾತುಗಳೆಲ್ಲ ಕೈಕೊಟ್ಟವು. "ಅದು ನಾನು."

"ಗೊತ್ತು ಕಣೋ."

"ಗೊತ್ತಾ?"

"ಎತ್ತಿ ಆಡಿಸಿದೋಳಿಗೆ ನಿನ್ನ ದನಿ ಗೊತ್ತಾಗಲ್ವಾ?" ಅವಳು ತಿರುಪು ತಿರುಗಿಸುತ್ತಲೇ ಇದ್ದಳು.

"ಮತ್ತೆ ಇಷ್ಟು ವರ್ಷ ಯಾಕೆ ಬೈಲಿಲ್ಲ? ಲಂಬೂಗಾದ್ರೂ ಹೇಳಬಹುದಿತ್ತಲ್ಲ, ನನ್ನ ತಮ್ಮ ಕೂಗಿ ಬೆಚ್ಚಿಬೀಳಿಸಿದ ಅಂತ?"

"ನಾನೆಲ್ಲಿ ಬೆಚ್ಚಿಬಿದ್ದೆ? ಎಣಿಕೆ ಸರಿಯಾಗೇ ನಡೀತಿತ್ತು." ಈಗ ಅಕ್ಕ ತಲೆಯೆತ್ತಿದಳು. ಮುಖ ಕೆಂಪಾಗಿತ್ತು. "ನೀನು ಹೋಗೋಣ ಅಂದೆ. ಎದ್ದು ಹೋಗಿಬಿಡ್ತೀಯ ಅನ್ನಿಸ್ತು. ಮುಂದೆ ಬರೋದು ನಾನು ಕಟ್ಟಿದ ರಾಗ ಕಣೋ. ಇಡೀ ಇಪ್ಪತ್ತಮೂರು ನಿಮಿಷದಲ್ಲಿ ಅದೊಂದೇ ನಂದು. ನೀನು ಅದನ್ನ ಕೇಳಿ ಹೋಗಲಿ ಅಂತ ಬೇಗ ಶುರು ಮಾಡಿಬಿಟ್ಟೆ. ಇದನ್ನ ಯಾರಿಗೆ ಅಂತ ಹೇಳಲಿ? ಹೇಳೋಕೆ ನಾಚಿಕೆಯಾಗಲ್ವಾ?"

ಅವನಿಗೆ ನಿಂತ ನೆಲ ಕುಸಿಯಬಾರದೆ ಅನ್ನಿಸಿತು.

"ದೀಪ ಕಣ್ಣಿಗೆ ಹೊಡೀತಿತ್ತು, ನೀನಿದೀಯೋ ಇಲ್ವೋ ಕಾಣ್ತಿರಲಿಲ್ಲ," ಅಂದಳು ಅಕ್ಕ. "ಇದ್ದೆ ತಾನೆ? ಕೇಳಿದೆ ತಾನೆ, ಅವತ್ತು?"

ಹೌದು ಅನ್ನಬಹುದಿತ್ತು. ಆ ಒಂದು ಮಾತು ಅಂದಿದ್ದರೆ ಅಕ್ಕನ ಮೂವತ್ತು ವರ್ಷಕ್ಕೆ ಒಂದಿಷ್ಟು ಅರ್ಥ ಸಿಗುತ್ತಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಅದೂ ಇನ್ನೊಂದು ಅಂಟಿಸುವ ಕೆಲಸವೇ ಆಗುತ್ತಿತ್ತು.

"ಇಲ್ಲ ಅಕ್ಕ. ಎದ್ದು ಹೋಗಿಬಿಟ್ಟಿದ್ದೆ."

ಅವಳ ಕೈ ನಿಂತಿತು. ತಿರುಪು ಮೇಜಿನ ಮೇಲೆ ಉರುಳಿತು. ಇಬ್ಬರೂ ಅದನ್ನು ಹುಡುಕುವ ನೆಪದಲ್ಲಿ ತಲೆ ತಗ್ಗಿಸಿದರು. ಅಂಗಡಿಯ ಮುಂಬದಿಯಲ್ಲಿ ಯಾರೋ ಗಿರಾಕಿ ಕೆಮ್ಮಿದರು. ಅಕ್ಕ ಏಳಲಿಲ್ಲ.

"ಈಗ ಕೇಳಿದೆಯಲ್ಲ," ಅಂದಳು ಕೊನೆಗೆ, ಮೇಜಿಗೆ ಹೇಳಿದ ಹಾಗೆ. "ಎಷ್ಟು ಸಲ ಕೇಳಿದೆ?"

"ಲೆಕ್ಕ ಇಟ್ಟಿಲ್ಲ. ಐವತ್ತಾದ್ರೂ ಆಗಿರುತ್ತೆ."

"ಹೇಗಿದೆ?"

ಅವನ ಕಣ್ಣು ತುಂಬಿತು.

"ನಾಚಿಕೆಯಾಗೋ ಅಷ್ಟು ಚೆನ್ನಾಗಿದೆ ಅಕ್ಕ."

ಅಕ್ಕ ತಿರುಪನ್ನು ಹೆಕ್ಕಿ ಅಂಗೈಯಲ್ಲಿಟ್ಟುಕೊಂಡಳು. ಆಮೇಲೆ, "ಇನ್ನೊಂದ್ಸಲ ಹೇಳು" ಅಂದಳು. ಅವನು ಹೇಳಿದ.