ಅಕ್ಕನ ಪಿಕಪ್ಪಿನ ಗುಂಯ್ ಸದ್ದು

ಯಾರು ಏನೇ ಕೇಳಿದರೂ ಒಡನೆ ಉತ್ತರ ಕೊಟ್ಟವನಲ್ಲ ಆ ಮೆಕ್ಯಾನಿಕ್. ಕತ್ತನ್ನು ಬಲಕ್ಕೆ ವಾಲಿಸಿ, ಬಾಯನ್ನು ತುಸುವೇ ತೆರೆದು, ಎದುರಿನವರ ಮಾತಿನಲ್ಲೂ ಯಾವುದೋ ಬೋಲ್ಟು ಸಡಿಲವಾಗಿದೆಯೇ ಎಂದು ಪರೀಕ್ಷಿಸುವವನಂತೆ ಕ್ಷಣಕಾಲ ಆಲಿಸುತ್ತಿದ್ದ. ಆ ಭಂಗಿಯಿಂದಲೇ ಬೀದಿಯವರಿಗೆಲ್ಲ ಅವನು ಓರೆಗತ್ತು. ಸುಡುಬಿಸಿಲಿನಲ್ಲೂ ಬಿಚ್ಚದ, ಮೊಳಕೈ ಸವೆದ ಬೂದುಬಣ್ಣದ ಕೋಟು, ಅದರ ಜೇಬುಗಳ ತುಂಬ ನಟ್ಟುಗಳು. ಬಾನೆಟ್ ಎತ್ತುವ ಮೊದಲೇ ಎಂಜಿನ್ನಿನ ವ್ಯಾಧಿ ಹೇಳಬಲ್ಲ ಎಂಬ ಖ್ಯಾತಿಯೊಂದಿತ್ತು, ಅದರ ಬಗ್ಗೆ ಅವನಿಗೆ ಮಗುವಿನಂಥ ಅಭಿಮಾನ.

ಗಿಡಗಳ ನರ್ಸರಿ ನಡೆಸುತ್ತಿದ್ದ ಅವನ ಅಕ್ಕ ತನ್ನ ಹಳೆಯ ಪಿಕಪ್ ತಂದು ನಿಲ್ಲಿಸಿದಳು. "ಸ್ವಲ್ಪ ಜೋರಾಗಿ ಓಡಿಸಿದ್ರೆ ಸಾಕು, ಗುಂಯ್ ಅನ್ನತ್ತೆ ಕಣೋ."

ಇಬ್ಬರೂ ಹೆದ್ದಾರಿಗೆ ಹೋದರು. ವೇಗ ಏರಿತು. "ಈಗ! ಕೇಳಿಸ್ತಾ?" ಎಂದಳು ಅಕ್ಕ. ಅವನಿಗೆ ಕೇಳಿಸಿದ್ದು ಗಾಳಿಯ ಮೊರೆತ, ಹಿಂಬಾಗಿಲಿನ ಚಿಲಕದ ಬಡಿತ, ಅಷ್ಟೇ. ಕತ್ತನ್ನು ಇನ್ನಷ್ಟು ವಾಲಿಸಿದ. ಗುಂಯ್ ಎಂಬುದು ಎಲ್ಲೂ ಇರಲಿಲ್ಲ. ಆದರೂ ಅವನ ಬಾಯಿಂದ ಬಂದದ್ದು, "ಹ್ಞೂಂ, ಟೈರಿನದು."

ಟೈರುಗಳನ್ನು ಹಿಂದುಮುಂದಾಗಿ ಬದಲಿಸಿದ. ಸದ್ದು ಹೋಗಲಿಲ್ಲ ಎಂದಳು. ಓಡುವಾಗಲೇ ನ್ಯೂಟ್ರಲ್‌ಗೆ ಹಾಕಿಸಿದ; ಆಗಲೂ ಇದೆ ಎಂದಳು. ಹಾಗಾದರೆ ಎಂಜಿನ್ನಿನದಲ್ಲ. ಎಡಗಡೆಯಿಂದ ಬಂದಂತಿದೆ ಎಂದಾಗ ಎಡ ಮುಂಚಕ್ರದ ಬೇರಿಂಗ್ ಹೊಸದು ಹಾಕಿದ, ಅದೂ ವ್ಯರ್ಥ. ಇರುವ ಸದ್ದು ತನಗೆ ಕೇಳಿಸುತ್ತಿಲ್ಲವೋ, ಇಲ್ಲದ ಸದ್ದು ಅವಳಿಗೆ ಕೇಳಿಸುತ್ತಿದೆಯೋ? ತಲೆ ಕೆಟ್ಟು ಗೊಬ್ಬರವಾಯಿತು. ಕೊನೆಗೆ ರೇಗಿಬಿಟ್ಟ: "ನಿನ್ನ ಕಿವೀನೇ ಗುಂಯ್‌ಗುಡ್ತಿರಬೇಕು, ಹೋಗಿ ತೋರಿಸ್ಕೊ!"

ಅಕ್ಕ ಬೀಗದ ಕೈ ಎತ್ತಿಕೊಂಡಳು. ಕುಂಡಗಳ ಹೇರು ತುಂಬಿಕೊಂಡು ಘಟ್ಟದ ದಾರಿ ಇಳಿಯುವುದಿತ್ತು ಅವಳಿಗೆ. ಅವಳು ಬಾಗಿಲು ಹಾಕಿಕೊಂಡಾಗ, ತಿರುವಿನಲ್ಲಿ ಚಕ್ರ ಕಳಚಿ ಬಿದ್ದ ವಾಹನಗಳೆಲ್ಲ ಓರೆಗತ್ತಿನ ಕಣ್ಣ ಮುಂದೆ ಸಾಲುಗಟ್ಟಿದವು. ಓಡಿಹೋಗಿ ಕಿಟಕಿ ಹಿಡಿದ.

"ಅಕ್ಕಾ, ಇಳಿ. ನನಗೆ... ನನಗೆ ಕೇಳಿಸ್ತಿಲ್ಲ ಕಣೇ. ಮೊದಲ ದಿನವೂ ಕೇಳಿಸ್ಲಿಲ್ಲ."

ಅವಳು ಪಕ್ಕದ ಬಾಗಿಲು ತೆರೆದಳು. "ಅದನ್ನ ಆಗಲೇ ಬೊಗಳೋಕೆ ಏನಾಗಿತ್ತು? ಹತ್ತು, ಹತ್ತು."

ಖಾಲಿ ರಸ್ತೆಯಲ್ಲಿ ಅವಳು ಸ್ಟಿಯರಿಂಗ್ ಅನ್ನು ಮೆಲ್ಲಗೆ ಅತ್ತಿತ್ತ ಹೊರಳಿಸಿದಳು. ಎಡಕ್ಕೆ ತಿರುಗಿದಾಗ ಹೆಚ್ಚುತ್ತೆ, ಬಲಕ್ಕೆ ತಿರುಗಿದಾಗ ಇಳಿಯುತ್ತೆ ಎಂದಳು. ಎಡಕ್ಕೆ ತಿರುಗಿದರೆ ಭಾರ ಬೀಳುವುದು ಬಲಗಡೆಯ ಚಕ್ರಕ್ಕೆ, ಸದ್ದೂ ಅಲ್ಲಿಯದೇ! ಗ್ಯಾರೇಜಿಗೆ ಮರಳಿ ಬಲಗಡೆಗೆ ಜಾಕಿ ಕೊಟ್ಟ. ಒಂದು ಕೈಯಿಂದ ಮುಂಚಕ್ರ ತಿರುಗಿಸುತ್ತ, ಇನ್ನೊಂದು ಅಂಗೈಯನ್ನು ಚಕ್ರದ ಹಿಂದಿನ ಸ್ಪ್ರಿಂಗಿನ ಮೇಲಿಟ್ಟ. ಮರಳು ಅರೆದಂಥ ನವುರಾದ ನಡುಕವೊಂದು ಅಂಗೈಗೆ ತಾಕಿತು. ಬಿಚ್ಚಿದರೆ ಬೇರಿಂಗ್ ಸವೆದು ನೀಲಿಗಟ್ಟಿತ್ತು.

ಹೊಸದು ಹಾಕಿ ಮತ್ತೆ ಹೆದ್ದಾರಿಗೆ ಹೋದರು. "ನಿಂತೇಹೋಯ್ತು ಕಣೋ!" ಎಂದು ಅಕ್ಕ ನಕ್ಕಳು. ಅವನೂ ನಕ್ಕ, ಆದರೆ ಪೆಚ್ಚಾಗಿ. ಅವನ ಪಾಲಿಗೆ ಮೊದಲಿನ ನಿಶ್ಶಬ್ದವೂ ಈಗಿನದೂ ಒಂದೇ. ಗೆದ್ದದ್ದನ್ನೂ ಇನ್ನೊಬ್ಬರ ಬಾಯಿಂದ ತಿಳಿಯಬೇಕಾಗಿತ್ತು. ಸಂತೋಷಪಡಬೇಕೋ ದುಃಖಿಸಬೇಕೋ ಅವನಿಗೆ ಬಗೆಹರಿಯಲಿಲ್ಲ.

ಒಂದೇ ಇಂದ್ರಿಯವನ್ನು ನೆಚ್ಚಿ ಬಾಳು ಕಟ್ಟಿಕೊಂಡವರ ಪಾಡೇ ಇದೇನೋ. ಅದು ಕೈಕೊಡತೊಡಗಿದಾಗ ಅವರು ಟೈರನ್ನು, ರಸ್ತೆಯ ಡಾಂಬರನ್ನು, ಒಡಹುಟ್ಟಿದವರನ್ನೂ ಅನುಮಾನಿಸುತ್ತಾರೆ. ತಮ್ಮನ್ನು ಮಾತ್ರ ಕಟ್ಟಕಡೆಗೆ. ಆ ಕೊನೆಯ ಅನುಮಾನವನ್ನು ಬಾಯಿಬಿಟ್ಟು ಹೇಳಿಕೊಂಡ ಮೇಲೂ, ಬೈದಾದರೂ ಪಕ್ಕದಲ್ಲಿ ಕೂರಿಸಿಕೊಂಡು ಹೋಗುವವರೊಬ್ಬರು ಇದ್ದರೆ, ಇಂದ್ರಿಯ ಸೋತವರು ಕಳೆದುಕೊಂಡದ್ದು ಬಹಳವೇನಲ್ಲ.