ಕಚ್ಚು ತಪ್ಪಿದ ಪಟ್ಟಿ

ನವರಾತ್ರಿಗೆ ಹತ್ತು ದಿನ ಉಳಿದಿತ್ತು. ಮಳೆ ಹಿಂದೆ ಸರಿದು, ವಡೋದರಾದ ಮಂಜಲ್‌ಪುರದ ಬಾಲ್ಕನಿಗಳಲ್ಲಿ ಹೋದ ವರ್ಷದ ಗರಬಾ ಲಂಗಗಳು ಬಿಸಿಲು ಕಾಯುತ್ತಿದ್ದವು. ಸುಲೋಚನಾ ಬೆಳಿಗ್ಗೆಯಿಂದ ಕಂಪ್ಯೂಟರ್ ಮುಂದೆ ಕೂತಿದ್ದಳು. ಕಸೂತಿ ಯಂತ್ರಕ್ಕೆ ಡಿಸೈನು ಮಾಡಿಕೊಡುವುದು ಅವಳ ಕೆಲಸ. ಇಡೀ ಲಂಗದ ಅಂಚಿಗೆ ನವಿಲುಗಳ ಸಾಲು ಮಾಡುವ ಕೆಲಸ ಸಿಕ್ಕಿದ್ದು ಇದೇ ಮೊದಲು; ಸಂಜೆ ಆರರೊಳಗೆ ಕಾರ್ಖಾನೆಗೆ ಮುಟ್ಟದಿದ್ದರೆ ಅದು ಬೇರೆಯವರ ಪಾಲು. ಆದರೆ ಹನ್ನೆರಡು ವರ್ಷದ ಹಳೆಯ ಕಂಪ್ಯೂಟರು ನಾಲ್ಕನೆಯ ನವಿಲಿಗೆ ಬಂದು ನಿಂತುಬಿಡುತ್ತಿತ್ತು.

“ಅದಕ್ಕ ರ‍್ಯಾಮ್ ಸಾಲವಲ್ದು. ಇನ್ನೊಂದು ಹಾಕಿದ್ರ ಓಡತೈತಿ,” ಎಂದ ಗಂಡ ಹನುಮಂತ. ರೈಲ್ವೆ ನೌಕರ, ಅಂದು ರಜೆ.

ಪೆಟ್ಟಿಗೆ ಬಿಚ್ಚಿದರೆ ಒಳಗೆ ಒಂದು ರ‍್ಯಾಮ್ ಪಟ್ಟಿ ಕೂತಿತ್ತು, ಪಕ್ಕದ ಜಾಗ ಖಾಲಿ. ಕುಂದಗೋಳದಲ್ಲಿ ಹೊಲಿಗೆ ಹಾಕುತ್ತಿದ್ದ ಸುಲೋಚನಾಳ ಅವ್ವ ಏನು ತರುವುದಿದ್ದರೂ ಅಳತೆಯ ಕಾಗದ ಒಯ್ಯುತ್ತಿದ್ದಳು. ಮಗಳೂ ಪಟ್ಟಿಯ ಉದ್ದಕ್ಕೆ ಪೇಪರು ಕತ್ತರಿಸಿಕೊಂಡು ಅಂಗಡಿಗೆ ನಡೆದಳು.

“ಅರೆ ಸುಲೋಚನಾಬೆನ್, ಕಂಪ್ಯೂಟರಿಗೆ ರವಿಕೆ ಹೊಲಿಸ್ತೀರೇನು?” ಎಂದು ಅಂಗಡಿಯ ಕೇತನಭಾಯಿ ನಕ್ಕ. ಆದರೂ ಕಾಗದಕ್ಕೆ ಹಿಡಿದು ನೋಡಿದ ಪಟ್ಟಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದಿತು. ಅವಳು ದುಡ್ಡು ಕೊಟ್ಟು ತಂದಳು.

ಮನೆಯಲ್ಲಿ ಅದು ಕೂರಲೊಲ್ಲದು.

“ಅತ್ತಾಗ ಸರಿ, ನಾ ಒತ್ತತೇನಿ,” ಎಂದ ಹನುಮಂತ.

“ಕೈ ತಗೀರಿ! ರವಿಕಿ ಕಂಕುಳ ಬಿಗಿ ಆತಂತ ತೋಳು ಜಗ್ಗಿ ಹರೀತಾರೇನು?”

ಅವಳು ಹಳೆಯ ಪಟ್ಟಿಯನ್ನೂ ತೆಗೆದು ಎರಡನ್ನೂ ಒಂದರ ಮೇಲೊಂದು ಇಟ್ಟಳು. ಉದ್ದ ಒಂದೇ. ಆದರೆ ಕೆಳ ಅಂಚಿನ ಸಣ್ಣ ಕಚ್ಚು ಒಂದರಲ್ಲಿ ಒಂದು ಕಡೆ, ಇನ್ನೊಂದರಲ್ಲಿ ಇನ್ನೊಂದು ಕಡೆ.

“ಉದ್ದ ನೋಡಿದೆ, ಕಚ್ಚು ನೋಡಲಿಲ್ಲ,” ಎಂದು ಹಣೆ ಬಡಿದುಕೊಂಡಳು.

“ದರ್ಜಿ ಸೋತ್ಳಪ್ಪಾ,” ಎಂದ ಹನುಮಂತ.

“ನೀವು ಒತ್ತಿದ್ರ ಕಂಪ್ಯೂಟರೇ ಸಾಯ್ತಿತ್ತು. ಸುಮ್ನ ಚಾ ಇಡ್ರಿ.”

ಈ ಸಲ ಎರಡೂ ಪಟ್ಟಿಗಳನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಓಡಿದಳು. ಹಳೆಯದನ್ನು ನೋಡುತ್ತಲೇ ಕೇತನಭಾಯಿ ನಾಲಿಗೆ ಕಚ್ಚಿಕೊಂಡ. “ಇದು ಹಳೇ ತಲೆಮಾರಿನ ಡಿಡಿಆರ್ ಮೂರು, ನಾನು ಕೊಟ್ಟಿದ್ದು ಆಮೇಲೆ ಬಂದ ನಾಲ್ಕು. ಒಂದರ ಜಾಗದಲ್ಲಿ ಇನ್ನೊಂದು ಕೂರಬಾರದು ಅಂತಲೇ ಆ ಕಚ್ಚು. ಎಷ್ಟು ವರ್ಷದ ಕಂಪ್ಯೂಟರು ಅಂತ ನಾನೇ ಕೇಳಬೇಕಿತ್ತು.” ತಾನು ಕೊಟ್ಟಿದ್ದನ್ನು ವಾಪಸು ತೆಗೆದುಕೊಂಡ; ಡಿಡಿಆರ್ ಮೂರರಲ್ಲಿ ಹೊಸದು ಅವನ ಬಳಿ ಇರಲಿಲ್ಲ. ಮೂಲೆಯಲ್ಲಿದ್ದ ಹಳೆಯ ಯಂತ್ರವೊಂದರಿಂದ ಪಟ್ಟಿ ಕಿತ್ತು, ಅದಕ್ಕೆ ಅಂಟಿದ್ದ ಚೀಟಿಯ ಮೇಲಿನ ಅಂಕಿಗಳನ್ನು ಅವಳ ಹಳೆಯ ಪಟ್ಟಿಯ ಜೊತೆ ಒಂದೊಂದಾಗಿ ತಾಳೆ ನೋಡಿದ. “ಒಯ್ದು ಹಾಕಿ ನೋಡಿ. ಓಡಿದ ಮೇಲೆ ಲೆಕ್ಕ.”

ಮನೆಯಲ್ಲಿ ಈ ಸಲ ಕಚ್ಚಿಗೆ ಕಚ್ಚು ಕೂಡಿತು. ಹೆಬ್ಬೆರಳು ಒತ್ತಿದ್ದೇ ತಡ, ಎರಡೂ ಬದಿಯ ಕೊಂಡಿಗಳು ಟಕ್ಕೆಂದು ಬಿಗಿದವು. ನಾಲ್ಕನೆಯ ನವಿಲು ದಾಟಿತು, ಹನ್ನೊಂದನೆಯದೂ ದಾಟಿತು. ಐದೂ ಮುಕ್ಕಾಲಿಗೆ ಡಿಸೈನು ಕಾರ್ಖಾನೆಗೆ ಹೋಯಿತು; ಹಿಂದೆಯೇ ಉತ್ತರ ಬಂತು: ನಾಳೆ ಇನ್ನೊಂದು ಲಂಗಕ್ಕೆ ಮಾಡಿಕೊಡಿ.

ಸುಲೋಚನಾ ಪರ್ಸು ಹಿಡಿದು ಅಂಗಡಿಗೆ ಹೋದಳು. ಕೇತನಭಾಯಿ ಗಲ್ಲಾ ತೆರೆದ. “ನೀವು ಕೊಡೋದು ಏನಿಲ್ಲ ಬೆನ್. ಹೊಸದಕ್ಕೆ ಹೆಚ್ಚು ಕೊಟ್ಟಿದ್ದಿರಿ, ಹಳೇದು ಅಗ್ಗ. ಕೊಡಬೇಕಾದವನು ನಾನು.” ನಾಲ್ಕು ನೂರು ರೂಪಾಯಿ ಅವಳ ಕೈಗಿಟ್ಟ.