ಮಾವನ ಕೆಮ್ಮು

ಚಳ್ಳಕೆರೆಯ ಮನೆಯಲ್ಲಿ ಮಾವನವರಿಗಿಂತ ಮೊದಲು ಅವರ ಕೆಮ್ಮು ಒಳಗೆ ಬರುತ್ತಿತ್ತು. ಹಾಲೇಶಪ್ಪನವರು ತಮ್ಮ ಶೇಂಗಾ ಎಣ್ಣೆ ಮಿಲ್ಲಿನಿಂದ ಬಂದು, ಹೊಸ್ತಿಲಾಚೆ ಚಪ್ಪಲಿ ಬಿಟ್ಟು, ಒಂದು ಸಲ ದಪ್ಪಗೆ ಕೆಮ್ಮಿದರೆ ಸೊಸೆಯಾದ ನಾನು ಎದ್ದು ನಿಲ್ಲಬೇಕು. ಯಾರೂ ಹೇಳಿಕೊಟ್ಟದ್ದಲ್ಲ. ಮದುವೆಯಾಗಿ ಹೋದ ದಿನ ಅತ್ತೆ ಎದ್ದರು, ನಾನೂ ಎದ್ದೆ. ಆಮೇಲೆ ಹನ್ನೊಂದು ವರ್ಷ ಏಳುತ್ತಲೇ ಇದ್ದೆ. ತಟ್ಟೆಯ ಮುಂದಿನಿಂದ ಎದ್ದೆ, ಜ್ವರದ ಹಾಸಿಗೆಯಿಂದ ಎದ್ದೆ, ಮಗುವಿಗೆ ಹಾಲೂಡುತ್ತಿದ್ದವಳು ಸೆರಗು ಎಳೆದುಕೊಂಡು ಎದ್ದೆ. ಅತ್ತೆ ತೀರಿಕೊಂಡ ಮೇಲೆ ಒಬ್ಬಳೇ ಎದ್ದೆ. ಅವರು ನನ್ನ ಕಡೆ ನೋಡದೆ ಒಳಗೆ ಹೋಗುತ್ತಿದ್ದರು. ಸೊಸೆಯ ಜೊತೆ ನೇರವಾಗಿ ಮಾತಾಡುವುದು ಆ ಮನೆಯ ಪದ್ಧತಿಯಾಗಿರಲಿಲ್ಲ.

ನನ್ನ ಗಂಡ ಮುರುಗೇಶ್ ಅವರದು ಬೇರೆ ಬಗೆಯ ಮೌನ. ಅವರು ಕುಡಿಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಮಗಳು ಶೈಲಜಾ ಹುಟ್ಟಿದ ಮರುವರ್ಷ ನನ್ನ ಜೊತೆ ಮಾತು ನಿಲ್ಲಿಸಿದರು, ಅಷ್ಟೆ. ಕಾರಣ ಕೇಳಿದೆ. ಕಾರಣ ಹೇಳುವುದಕ್ಕೂ ಮಾತೇ ಬೇಕಲ್ಲ. ಮಗಳಿಗೆ ಮಾತು ಬಂದ ಮೇಲೆ ಅವಳು ನಮ್ಮಿಬ್ಬರ ನಡುವಿನ ಓಣಿಯಾದಳು. "ನಿಮ್ಮವ್ವಗೆ ಹೇಳು, ಸಾರಿಗೆ ಉಪ್ಪು ಜಾಸ್ತಿ ಆಗೈತೆ." "ನಿಮ್ಮವ್ವಗೆ ಹೇಳು, ನಾಳೆ ದಾವಣಗೆರೆಗೆ ಹೋಗ್ತೀನಿ." ನಾನು ಅಲ್ಲೇ ಎರಡು ಮಾರು ದೂರದಲ್ಲಿ ಇರುತ್ತಿದ್ದೆ. ಮಗು ಆ ಎರಡು ಮಾರು ನಡೆದು ಬಂದು, ಒಂದಕ್ಷರ ಬಿಡದೆ ಒಪ್ಪಿಸಿ, ಉತ್ತರಕ್ಕೆ ಕಾಯುತ್ತಾ ನಿಲ್ಲುತ್ತಿತ್ತು.

ಅವಳಿಗೆ ಎಂಟು ತುಂಬಿದಾಗ ಒಂದು ದಿನ ಜಡೆ ಹೆಣೆಯುತ್ತಿದ್ದೆ. "ಅವ್ವ, ನಾನು ನಿದ್ದೆ ಹೋದ್ಮೇಲೆ ನಿಮಗೆ ಯಾರು ಹೇಳ್ತಾರೆ?" ಎಂದು ಕೇಳಿದಳು. ಜಡೆ ಅರ್ಧಕ್ಕೇ ನಿಂತಿತು. ಅಂದೇ ತೀರ್ಮಾನ ಮಾಡಿದೆ.

ಚಿತ್ರದುರ್ಗದ ಕೋರ್ಟಿನಲ್ಲಿ ವಿಚ್ಛೇದನಕ್ಕೆ ಇಬ್ಬರೂ ಸಹಿ ಹಾಕಿದೆವು. ಕೋರ್ಟಿನ ಹೊರಗೆ, ಬೇವಿನ ಮರದ ಕೆಳಗೆ, ಎರಡೂ ಕಡೆಯ ಹಿರಿಯರು ಇನ್ನೊಂದು ಕಾಗದ ಬರೆಸಿದರು. ಗಂಗಾಂಬಿಕಾ, ಅಂದರೆ ನಾನು, ದೀಪಾವಳಿಯೊಳಗೆ ಸ್ವಂತ ದುಡಿಮೆ ತೋರಿಸಬೇಕು. ಯಾರ ಹಂಗೂ ಇಲ್ಲದೆ ಮಗುವನ್ನು ಸಾಕಬಲ್ಲಳೇ ಎಂದು ಹಾಲೇಶಪ್ಪನವರು ಬಂದು ನೋಡುತ್ತಾರೆ. ಇಲ್ಲದಿದ್ದರೆ ಹುಡುಗಿ ಚಳ್ಳಕೆರೆಗೆ. ನಾನು ಅದಕ್ಕೂ ಸಹಿ ಹಾಕಿದೆ. ತೊಂಬತ್ತೆಂಟರ ಯುಗಾದಿ ಕಳೆದು ಹತ್ತು ದಿನವಾಗಿತ್ತು.

ಗೌರಸಮುದ್ರದಲ್ಲಿ ಅಣ್ಣನ ಮನೆಯಿತ್ತು. ಅಲ್ಲಿಗೆ ಹೋದರೆ ಅದು ಅಣ್ಣನ ಅನ್ನ, ನನ್ನ ದುಡಿಮೆಯಲ್ಲ. ಹಾಗಾಗಿ ಹೈಸ್ಕೂಲು ಓದಿದ ಊರಾದ ಮೊಳಕಾಲ್ಮೂರಿಗೆ ಬಂದೆ. ಲಾರಿ ರಿಪೇರಿ ಮಾಡುವ ವಲಿಸಾಬರ ಮನೆಯ ಹಿಂದೆ ಒಂದು ಕೋಣೆ ಖಾಲಿ ಇತ್ತು. ಅವರ ಹೆಂಡತಿ ಗುಲ್ಷನ್ ಬೀ ನನ್ನನ್ನೂ ಮಗುವನ್ನೂ ಒಂದು ಟ್ರಂಕನ್ನೂ ನೋಡಿ, "ಒಬ್ಳೇನಾ? ಅಚ್ಛಾ. ಬಾಡಿಗೆ ನೂರೈವತ್ತು. ಮಾತು ಪುಕ್ಕಟೆ," ಎಂದರು. ಅವರು ಹೇಳಿದ್ದು ನಿಜ. ಗೋಡೆಯಾಚೆಯಿಂದ ಮಾತು ಬರದ ಗಳಿಗೆಯೇ ಇರುತ್ತಿರಲಿಲ್ಲ.

ನನ್ನ ಬಿ.ಎ. ಸರ್ಟಿಫಿಕೇಟು ಹಿಡಿದು ಎರಡು ಖಾಸಗಿ ಶಾಲೆಗಳಿಗೆ ಹೋದೆ. ಬಿ.ಎಡ್. ಕೇಳಿದರು. ಕೊನೆಗೆ ಕೆಲಸ ಕೊಟ್ಟವರು ಕಮಲಾಕ್ಷಮ್ಮ. ರೇಷ್ಮೆ ಸೀರೆ ನೇಯುವ ಹೆಂಗಸು, ಐವತ್ತು ದಾಟಿದ ವಿಧವೆ, ತೆಲುಗು ಕನ್ನಡ ಬೆರೆಸಿ ಬೈಯುವವರು. ಅವರ ಸೀರೆಗಳಿಗೆ ಮೈಯ ಬಣ್ಣ ಒಂದು, ಅಂಚಿನ ಬಣ್ಣ ಇನ್ನೊಂದು. ಅಂಥದ್ದನ್ನು ಒಬ್ಬರೇ ನೇಯಲಾಗುವುದಿಲ್ಲ. ಮಗ್ಗದ ಗುಣಿಯಲ್ಲಿ ಕಾಲಿಳಿಬಿಟ್ಟು ಕೂತವರು ಮೈಯ ನೂಲಿನ ಲಾಳಿ ಎಸೆದರೆ, ಬಲಬದಿಯಲ್ಲಿ ಕೂತವರು ಅಂಚಿನ ಲಾಳಿ ಎಸೆದು ಎರಡು ನೂಲನ್ನೂ ಒಂದಕ್ಕೊಂದು ಕೊಂಡಿ ಹಾಕಬೇಕು. ಪ್ರತಿ ಎಳೆಗೂ ಹಾಗೆ. ಇಪ್ಪತ್ತೆರಡು ವರ್ಷ ಆ ಬಲಬದಿಯಲ್ಲಿ ಅವರ ಗಂಡ ಕೂತಿದ್ದರಂತೆ. ಸಾಮಾನ್ಯವಾಗಿ ಅದು ಮಕ್ಕಳನ್ನು ಕೂರಿಸುವ ಜಾಗ. ಮೂವತ್ತೆರಡು ವರ್ಷದ ನಾನು ಅಲ್ಲಿ ಕೂತೆ. ಸೀರೆಯ ಕೂಲಿಯಲ್ಲಿ ಮೂರರಲ್ಲೊಂದು ಪಾಲು ನನಗೆ.

"ಏಮ್ಮಾ ಡಿಗ್ರಿ, ಕಾಲೇಜ್ನಾಗೆ ಎಡಗೈ ಯಾವ್ದು ಬಲಗೈ ಯಾವ್ದು ಅಂತ ಹೇಳ್ಕೊಡ್ಲಿಲ್ವಾ?" ಎಂದು ಮೊದಲ ತಿಂಗಳು ದಿನಕ್ಕೆ ಹತ್ತು ಸಲ ಕೇಳುತ್ತಿದ್ದರು. ಎರಡನೇ ತಿಂಗಳು ನಿಧಾನವಾಗಿ ಮಾತು ಕಡಿಮೆಯಾಯಿತು. ಲಾಳಿ ಆ ಕಡೆಯಿಂದ ಬರುತ್ತದೆ, ನನ್ನದು ಹೋಗುತ್ತದೆ, ನೂಲು ಒತ್ತುವ ಹಲಗೆ ಬಡಿಯುತ್ತದೆ. ತಾಸುಗಟ್ಟಲೆ ಇಬ್ಬರೂ ಸುಮ್ಮನಿರುತ್ತಿದ್ದೆವು. ಒಬ್ಬರ ಕೈ ಇನ್ನೊಬ್ಬರಿಗೆ ಗೊತ್ತಿದ್ದರೆ ಸಾಕಿತ್ತು. ಹೀಗೂ ಸುಮ್ಮನಿರಬಹುದು ಎಂಬುದು ನನಗೆ ಹೊಸದಾಗಿತ್ತು.

ಮೊದಲ ಕೂಲಿಯಲ್ಲಿ ಎರಡು ಸ್ಟೀಲ್ ತಟ್ಟೆ, ಒಂದು ಲೋಟ ಕೊಂಡೆ. ಅಂಗಡಿಯವನು ಹೆಸರು ಕೆತ್ತುವ ಮಿಷನ್ನು ಕೈಗೆತ್ತಿಕೊಂಡು, "ಯಜಮಾನ್ರ ಹೆಸ್ರು ಹೇಳ್ರಿ," ಎಂದ.

"ಗಂಗಾಂಬಿಕಾ ಅಂತ ಹಾಕಪ್ಪ."

"ಯಜಮಾನ್ರದು?"

"ಅದೇ."

ಚಳ್ಳಕೆರೆಯ ಮನೆಯಲ್ಲಿ ಚಮಚಕ್ಕೂ ಮಾವನವರ ಹೆಸರಿತ್ತು. ಶೈಲಜಾ ಆ ರಾತ್ರಿ ತಟ್ಟೆಯಲ್ಲಿನ ಅನ್ನ ಸರಿಸಿ ಸರಿಸಿ ನನ್ನ ಹೆಸರು ಓದಿದಳು. ಆದರೆ ಉಂಡ ಮೇಲೆ ಎಂದಿನಂತೆ ನನ್ನೆದುರು ಬಂದು ನಿಂತಳು. ಇಲ್ಲಿಗೆ ಬಂದಾಗಿನಿಂದ ಅವಳದು ಅದೇ ಅಭ್ಯಾಸ. ಯಾರಿಗೆ ಏನು ಹೇಳಿಬರಬೇಕು ಎಂದು ಕಾಯುವುದು. "ಏನೂ ಇಲ್ಲ ಮಗಾ, ಮಲಕ್ಕೋ," ಎನ್ನುತ್ತಿದ್ದೆ.

ಶ್ರಾವಣದಲ್ಲಿ ಅನಾಹುತವಾಯಿತು.

ನಮಗೆ ರೇಷ್ಮೆ ಕೊಟ್ಟು ಸೀರೆ ಒಯ್ಯುವ ಸಾಹುಕಾರರು ತೋಟಪ್ಪ. ಅಂದು ಅವರು ಹೇಳದೆ ಕೇಳದೆ ಬಂದರು. ಹೊಸ್ತಿಲಾಚೆ ಚಪ್ಪಲಿ ಬಿಟ್ಟ ಸದ್ದು, ಹಿಂದೆಯೇ ಒಂದು ದಪ್ಪ ಕೆಮ್ಮು. ನಾನು ಲಾಳಿ ಕೈಯಲ್ಲಿದ್ದಂತೆಯೇ ಎದ್ದು ನಿಂತುಬಿಟ್ಟೆ.

"ಲೇವಕು! ಏಳಬ್ಯಾಡ!" ಎಂದು ಕಮಲಾಕ್ಷಮ್ಮ ಕೂಗುವಷ್ಟರಲ್ಲಿ ನೂಲು ಜಗ್ಗಿ, ಲಾಳಿಯ ಮೊನೆ ಹಾಸಿನ ನೂಲಿನ ಮೇಲೆ ಬಿದ್ದು, ಅಂಚಿನ ಅರವತ್ತು ಎಳೆ ಪಟಪಟನೆ ಹರಿದವು. ಗೇಣುದ್ದ ಅಂಚು ಬಾಯಿ ಬಿಟ್ಟುಕೊಂಡಿತು.

ತೋಟಪ್ಪ ಕಣ್ಣರಳಿಸಿದರು. "ನನ್ನ ನೋಡಿ ಎದ್ಯೇನಮ್ಮಾ? ಕಟ್ಕೊಂಡ ಹೆಂಡ್ತಿನೇ ಏಳಲ್ಲ ನಂಗೆ!" ಎಂದು ನಕ್ಕರು. ಅಂಚನ್ನು ಬೆರಳಿನಿಂದ ಸವರಿದ ಮೇಲೆ ನಗು ಹೋಯಿತು. "ಇದು ಸೆಕೆಂಡ್ಸಿಗೆ ಹೋಯ್ತು, ಅರ್ಧ ಬೆಲೆ ಮಾಲು. ಕಮಲಾಕ್ಷಮ್ಮ, ಇನ್ನೊಂದು ಸಲ ಹಿಂಗಾದ್ರೆ ಈ ಕಡೆ ಬೇರೇರನ್ನ ಕೂರಿಸ್ರಿ. ನಾನು ಮರ್ಯಾದೆ ವ್ಯಾಪಾರ ಮಾಡ್ತಿಲ್ಲ, ಸೀರೆ ವ್ಯಾಪಾರ."

ಆ ಸೀರೆಯ ಕೂಲಿ ನಮ್ಮಿಬ್ಬರಿಗೂ ಬರಲಿಲ್ಲ. ಹರಿದ ಎಳೆಗಳನ್ನು ಒಂದೊಂದಾಗಿ ಹೊಸೆಯುತ್ತಾ ನಾನು ತಲೆಯೆತ್ತಲಿಲ್ಲ. ಬೇರೆಯವರನ್ನು ಕೂರಿಸಿದರೆ ದೀಪಾವಳಿಗೆ ನನ್ನ ಬಳಿ ತೋರಿಸಲು ಏನೂ ಇರುವುದಿಲ್ಲ. ಮಗಳು ಆ ಮನೆಗೆ ಹಿಂತಿರುಗಿ ಹೋಗುತ್ತಾಳೆ, ಯಾರದೋ ಮಾತು ಹೊತ್ತುಕೊಂಡು ಓಡಾಡುತ್ತಾಳೆ. ಅದೂ ನನ್ನ ಮಂಡಿಗಳು ನನ್ನ ಮಾತು ಕೇಳದೆ ಎದ್ದದ್ದಕ್ಕೆ.

"ಬೇಕಂತ ಎದ್ಯಾ?" ಕಮಲಾಕ್ಷಮ್ಮ ಕೇಳಿದರು.

"ಇಲ್ಲರೀ. ಎದ್ದಿದ್ದು ನಂಗೇ ಗೊತ್ತಾಗ್ಲಿಲ್ಲ. ನಮ್ಮ ಮಾವ ಹಿಂಗೇ ಕೆಮ್ತಿದ್ರು, ನಾನು ಏಳ್ತಿದ್ದೆ."

"ಹಂಗಾದ್ರೆ ಇದು ಕಾಲಿನ ರೋಗ. ಕಾಲಿಗೇ ಮದ್ದು ಮಾಡ್ಬೇಕು."

ಸಂಜೆ ಶಾಲೆ ಬಿಟ್ಟು ಬಂದ ಶೈಲಜಾಳನ್ನು ಅವರು ಹತ್ತಿರ ಕರೆದರು. "ಅಮ್ಮಾಯಿ, ನಿಮ್ಮ ತಾತ ಹೆಂಗೆ ಕೆಮ್ತಾರೆ? ಮಾಡಿ ತೋರ್ಸು."

ಮಗಳು ಒಮ್ಮೆ ನನ್ನ ಮುಖ ನೋಡಿದಳು. ಆಮೇಲೆ ಕಮಲಾಕ್ಷಮ್ಮನ ಗಂಡನ ಹಳೆಯ ಚಪ್ಪಲಿಯಲ್ಲಿ ಪುಟ್ಟ ಪಾದ ತೂರಿಸಿ ಹೊರಗೆ ಹೋದಳು. ಟಪ್ ಟಪ್ ಎಂದು ನಡೆದು ಬಂದು, ಚಪ್ಪಲಿ ಕಳಚಿ, ಗದ್ದವನ್ನು ಎದೆಗೊತ್ತಿ ಕೆಮ್ಮಿದಳು. ಅದು ಮಾವನವರೇ. ನಾನು ಅರ್ಧ ಎದ್ದಿದ್ದೆ.

"ಲೇವಕು!"

ಕೂತೆ. ಮಗಳು ಬಾಯಿ ಮುಚ್ಚಿಕೊಂಡು ನಕ್ಕಳು. "ಇನ್ನೊಂದ್ಸಲ ಮಾಡ್ಲಾ ಅಜ್ಜಿ?"

ಅಂದಿನಿಂದ ಅದೇ ಆಟ. ದಿನಾ ಸಂಜೆ ಹತ್ತು ಸಲ, ಹದಿನೈದು ಸಲ. ಒಮ್ಮೊಮ್ಮೆ ಸದ್ದಿಲ್ಲದೆ ಬಂದು ಕಿಟಕಿಯಿಂದ ಕೆಮ್ಮುತ್ತಿದ್ದಳು. ಮೊದಲು ನನ್ನ ಬೆನ್ನು ನೆಟ್ಟಗಾಗುತ್ತಿತ್ತು, ಆಮೇಲೆ ಮಂಡಿ ನಡುಗಿ ನಿಲ್ಲುತ್ತಿತ್ತು, ಆಮೇಲೆ ಕಾಲ್ಬೆರಳು ಮಾತ್ರ ಮಡಚಿಕೊಳ್ಳುತ್ತಿದ್ದವು. ಮಹಾನವಮಿಯ ಹೊತ್ತಿಗೆ ಅದೂ ನಿಂತಿತು. "ಈ ಕೆಮ್ಮಿಗೆ ಎರಡು ಮಾರ್ಕು," ಎಂದು ತಿರುಗಿ ನೋಡದೆ ಹೇಳುವಷ್ಟು ಧೈರ್ಯ ಬಂದಿತ್ತು.

ದೀಪಾವಳಿಗೆ ನಾಲ್ಕು ದಿನವಿತ್ತು. ಮಗ್ಗದ ಮೇಲೆ ನೇರಳೆ ಮೈಯ, ಸಾಸಿವೆ ಹಳದಿ ಅಂಚಿನ ಸೀರೆ. ಹಬ್ಬದ ಮುಂಚೆ ತೋಟಪ್ಪನವರಿಗೆ ಕೊಡಬೇಕು, ಸೆರಗಿಗೆ ಇನ್ನು ಒಂದು ಮೊಳವಷ್ಟೇ ಉಳಿದಿತ್ತು. ಹೊರಗೆ ಚಪ್ಪಲಿ ಕಳಚಿದ ಸದ್ದು. ಕೆಮ್ಮು.

ನಾನು ಲಾಳಿ ಎಸೆಯುತ್ತಲೇ ಹೇಳಿದೆ: "ಸರಿಯಾಗ್ಲಿಲ್ಲ ಕಣೇ. ನಿಮ್ಮ ತಾತಂದು ಇಷ್ಟು ಸಣ್ಣ ಕೆಮ್ಮಲ್ಲ. ಹೊಟ್ಟೆಯಿಂದ ಕೆಮ್ಮು."

ನಗು ಕೇಳಲಿಲ್ಲ. ಕಮಲಾಕ್ಷಮ್ಮನ ಕೈ ನಿಧಾನವಾಯಿತು. ನಾನು ಹೊಸ್ತಿಲ ಕಡೆ ನೋಡಿದೆ. ಬಿಳಿ ಪಂಚೆ, ಕಂಕುಳಲ್ಲಿ ಕೊಡೆ, ಹಣೆಯಲ್ಲಿ ವಿಭೂತಿ. ಹಾಲೇಶಪ್ಪನವರು ನಿಂತಿದ್ದರು.

ಕಾಲು ಇದ್ದಲ್ಲೇ ಇತ್ತು. ಕೆಮ್ಮು ಕೇಳಿ ಏಳದಿದ್ದದ್ದು ತಪ್ಪು ತಿಳಿವಳಿಕೆಯಿಂದ. ಈಗ ಯಾರೆಂದು ಗೊತ್ತಾಗಿದೆ. ಈಗಲೂ ಏಳಬಹುದು. ಲಾಳಿ ಕೆಳಗಿಟ್ಟು, ಸೆರಗು ಹೊದ್ದು, ಗೋಡೆಗೆ ಸರಿದು ನಿಲ್ಲಬಹುದು. ಅವರು ನೋಡಲು ಬಂದದ್ದು ಸೊಸೆಯನ್ನೋ, ದುಡಿಯುವವಳನ್ನೋ? ಎರಡೂ ಒಟ್ಟಿಗೆ ತೋರಿಸುವಂತಿರಲಿಲ್ಲ.

"ಬರ್ರಿ, ಕುಂದ್ರಿ," ಎಂದೆ. ಅವರಿಗೆ ನಾನು ಆಡಿದ ಮೊದಲ ಮಾತು ಅದು. "ನಾನು ಏಳಂಗಿಲ್ಲರಿ. ಎದ್ರೆ ಎಳೆ ಹರೀತಾವೆ."

ಅವರು ಒಳಗೆ ಬಂದರು. ಗೋಡೆ ಪಕ್ಕದ ಚಾಪೆಯ ಮೇಲೆ ಕೊಡೆಯನ್ನು ತೊಡೆಗೆ ಅಡ್ಡ ಇಟ್ಟುಕೊಂಡು ಕೂತರು. ಕಮಲಾಕ್ಷಮ್ಮ ನನ್ನತ್ತ ಹುಬ್ಬು ಏರಿಸಿದರು. ಹಲಗೆ ಬಡಿಯಿತು. ಲಾಳಿ ಬಂತು, ನನ್ನದು ಹೋಯಿತು.

ಅರ್ಧ ಗಂಟೆ ಹಾಗೇ. ನನ್ನ ಕೈಯ ಮೇಲೆ ಅವರ ಕಣ್ಣಿರುವುದು ತಿಳಿಯುತ್ತಿತ್ತು. ಅಷ್ಟು ವರ್ಷ ಅವರು ನನ್ನನ್ನು ನೋಡಿದ್ದೆಲ್ಲ ಸೇರಿಸಿದರೂ ಅಷ್ಟು ಹೊತ್ತು ಆಗುತ್ತಿರಲಿಲ್ಲ. ಒಂದು ಕೊಂಡಿಯೂ ತಪ್ಪಲಿಲ್ಲ.

ಶೈಲಜಾ ಶಾಲೆಯ ಚೀಲ ಬಡಿಯುತ್ತಾ ಓಡಿ ಬಂದವಳು ಬಾಗಿಲಲ್ಲಿ ನಿಂತಳು. "ತಾತಾ!" ಅವರ ಕೆನ್ನೆ ಮುಟ್ಟಿ ನೋಡಿ, ಒಳಗೆ ಓಡಿ, ನಾನು ದಿನಾ ಬುತ್ತಿಯ ಜೊತೆ ತರುವ ಲೋಟದಲ್ಲಿ ನೀರು ತಂದುಕೊಟ್ಟಳು. ಅವರು ಕುಡಿದರು. ಲೋಟವನ್ನು ಬೆಳಕಿಗೆ ತಿರುಗಿಸಿ, ಮೇಲಿನ ಅಕ್ಷರಗಳನ್ನು ನೋಡಿದರು. ಹೆಬ್ಬೆರಳಿನಿಂದ ಒಮ್ಮೆ ಸವರಿದರು.

ಆಮೇಲೆ, ರೂಢಿಯಂತೆ, ಮಗುವಿನ ಕಡೆ ತಿರುಗಿ, "ನಿಮ್ಮವ್ವಗೆ ಹೇಳು..." ಎಂದು ಶುರುಮಾಡಿದರು.

"ನೀವೇ ಹೇಳ್ರಿ ತಾತ," ಎಂದಳು ಮಗಳು. "ಅವ್ವ ಇಲ್ಲೇ ಕುಂತೈತಲ್ಲ."

ಕಮಲಾಕ್ಷಮ್ಮನ ಹಲಗೆ ನಿಂತಿತು. ನನ್ನ ಲಾಳಿಯೂ ಅಂಗೈಯಲ್ಲಿ ನಿಂತಿತು. ಮಾವನವರು ಕೆಮ್ಮಿದರು. ಬರುವಾಗಿನ ಕೆಮ್ಮಲ್ಲ, ಗಂಟಲಲ್ಲಿ ಏನೋ ಸಿಕ್ಕಿಕೊಂಡವರದು.

"ಗಂಗಾಂಬಿಕಾ," ಎಂದರು, ಲೋಟ ನೋಡಿ ಓದುವವರಂತೆ.

"ಏನ್ರಿ?"

"ಮಗು ನಿನ್ನತ್ರಾನೇ ಇರ್ಲಿ. ಆ ಕಾಗದ ನನ್ನ ಬೀರುನಾಗೈತೆ. ಹರಿದಾಕ್ತೀನಿ." ಲೋಟವನ್ನು ಮಗುವಿನ ಕೈಗೆ ಕೊಟ್ಟರು. "ಆ ಮನೆಗೆ ಇದನ್ನ ಕರ್ಕೊಂಡೋಗಿ ಮತ್ತೆ ಯಾರ ಮಾತು ಯಾರಿಗೆ ಹೊರಿಸ್ಲಿ?"

ಅವರಿಗೆ ಎಲ್ಲ ತಿಳಿದಿತ್ತು ಎಂದು ನನಗೆ ಆಗ ಗೊತ್ತಾಯಿತು. ಅಷ್ಟು ವರ್ಷ ತಿಳಿದೂ ಸುಮ್ಮನಿದ್ದರು. ಸಿಟ್ಟು ಬರಬೇಕಿತ್ತು, ಮುಂದೆ ಯಾವಾಗಲಾದರೂ ಬರಬಹುದು. ಆ ಹೊತ್ತಿಗೆ ಎದೆಯ ಮೇಲಿಂದ ಮೂಟೆ ಇಳಿಸಿದಂತಾಗಿ ಉಸಿರು ತಾನೇ ಹೊರಗೆ ಬಂತು.

ಅವರು ಕೊಡೆ ಊರಿ ಎದ್ದರು. ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತಾ, ಬೆನ್ನು ಹಾಕಿಕೊಂಡೇ, "ಕೆಮ್ಮು ಸಣ್ಣದಾಗೈತೆ ಅಂದ್ಯಲ್ಲ. ಹೌದು. ವಯಸ್ಸಾಯ್ತು," ಎಂದರು. ಮಗಳು ಅವರ ಬೆರಳು ಹಿಡಿದುಕೊಂಡು ಬಸ್ ಸ್ಟ್ಯಾಂಡಿನವರೆಗೆ ಹೋದಳು. ಅವರು ಹೋಗುವಾಗಲೂ ನಾನು ಏಳಲಿಲ್ಲ.

"ಈಗ ಏಳಮ್ಮಾ ಡಿಗ್ರಿ," ಎಂದರು ಕಮಲಾಕ್ಷಮ್ಮ. "ನೀರು ಕುಡಿ, ಹೋಗು."

ಏಳಲು ಹೋದೆ. ಎರಡೂ ಕಾಲು ಜೋಮು ಹಿಡಿದಿದ್ದವು. "ಆಗ್ತಿಲ್ಲರೀ," ಎಂದೆ. ಅವರು ನಕ್ಕರು. ನನಗೂ ನಗು ಬಂತು, ಬಂದದ್ದು ನಿಲ್ಲಲಿಲ್ಲ.

ಮಗಳು ಮಿರ್ಚಿ ಬಜ್ಜಿಯ ಪೊಟ್ಟಣ ಹಿಡಿದು ಬಂದಳು. ಮನೆಗೆ ಹೋಗುವ ದಾರಿಯುದ್ದಕ್ಕೂ ಮಾತು. ತಾತ ಕೊಡಿಸಿದ್ದು, ಬಸ್ಸಿನಲ್ಲಿ ಒಂದು ಮೇಕೆಮರಿ ಇತ್ತು, ಅದು ಕಂಡಕ್ಟರನ ಟಿಕೆಟು ತಿಂದಿತು, ಕಾಗದ ಹರಿಯೋದಕ್ಕೂ ಆ ಮೇಕೆನೇ ಕಳಿಸಬಹುದಿತ್ತು, ತಾತ ನಕ್ಕರು, ತಾತಂಗೆ ಮುಂದಿನ ಹಲ್ಲಿಲ್ಲ. ಮನೆಗೆ ಬಂದು, ಉಂಡು, ತಟ್ಟೆ ತೊಳೆದಿಟ್ಟ ಮೇಲೂ ಮಾತು ನಿಂತಿರಲಿಲ್ಲ. ನನ್ನೆದುರು ಬಂದು ನಿಲ್ಲುವುದನ್ನು ಮಾತ್ರ ಅವಳು ಮರೆತಿದ್ದಳು. ಗೋಡೆಯಾಚೆಯಿಂದ ಗುಲ್ಷನ್ ಬೀ ಮೇಕೆಯ ಬಣ್ಣ ಕೇಳಿದರು. ಅದಕ್ಕೂ ಉತ್ತರ ಹೋಯಿತು.

"ಸಾಕು, ಸ್ವಲ್ಪ ಸುಮ್ಮನಿರೇ," ಎಂದೆ. ಹೇಳಿದ ಮೇಲೆ, ಆ ಮೌನದ ಮನೆಯಿಂದ ಬಂದ ನಾನೇ ಸುಮ್ಮನಿರು ಎಂದೆನೆಂದು ಹೊಳೆದು, ಕೈಯಲ್ಲಿದ್ದ ಲೋಟ ಹಾಗೇ ಹಿಡಿದು ಕೂತೆ.

ಅವಳು ಸುಮ್ಮನಾಗಲಿಲ್ಲ.